ನೊರೆರಾಯರ ನಾಲ್ಕು ದಿನದ ಗಡ್ಡ

ಎಲ್ಲ ಅನರ್ಥಕ್ಕೂ ಮೂಲ ನಾಲ್ಕು ದಿನದ ಗಡ್ಡ. ಬೇರೆ ಯಾರ ಮುಖದ ಮೇಲಾದರೂ ಅದು ಬೆಳೆದಿದ್ದರೆ ಜನ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ಅದು ಬೆಳೆದದ್ದು ನೊರೆರಾಯರ ಮುಖದ ಮೇಲೆ.

ನೊರೆರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಹಡಿ ಮನೆಯ ಅಜ್ಜಿ ಇಟ್ಟದ್ದು. ಭೂಮಾಪನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಈ ಮನುಷ್ಯ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಕೊಳವೆಯಿಂದ ಒಂದಿಷ್ಟು ಹಿಂಡಿ, ಎರಡು ಸಲ ಕೆರೆದು, ಮುಖ ತೊಳೆದು ಬರುವ ಪೈಕಿ ಅಲ್ಲ ಅವರು. ಮಡಚುವ ಕತ್ತಿ ಹನ್ನೊಂದು, ಬ್ರಷ್ಷು ಏಳು, ಕತ್ತಿ ಮಸೆಯುವ ಚರ್ಮದ ಪಟ್ಟಿ ಎರಡು, ತಗಡಿನ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಒಣಗಿಸಿದ ಸೋಪಿನ ಬಿಲ್ಲೆಗಳಿಗೆ ಲೆಕ್ಕವೇ ಇಲ್ಲ. ಮೊದಲು ಬಿಸಿನೀರಿನ ಬಟ್ಟೆ. ಆಮೇಲೆ ಬಟ್ಟಲಿನಲ್ಲಿ ನೊರೆ ಕಡೆಯುವುದು. ಆಮೇಲೆ ಕೂದಲು ಬೆಳೆದ ದಿಕ್ಕಿಗೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಎದುರು ದಿಕ್ಕಿಗೆ ಒಂದು ಸುತ್ತು. ಕೊನೆಗೆ ಪಟಿಕದ ಕಲ್ಲು, ಅದರ ಮೇಲೆ ಪರಿಮಳ. ಆ ಪರಿಮಳವೂ ದಿನಕ್ಕೊಂದು. ಸೋಮವಾರ ನಿಂಬೆ ಸಿಪ್ಪೆ, ಮಂಗಳವಾರ ಲವಂಗ, ಬುಧವಾರ ತಂಬಾಕಿನ ಎಲೆ, ಗುರುವಾರ ‘ಹಳೇ ಗ್ರಂಥಾಲಯ’.

“ಗುರುವಾರ ಬಂತು ಅಂದ್ರೆ ಗಂಡನ ಪಕ್ಕ ಅಲ್ಲ, ಬೀರು ಪಕ್ಕ ಮಲಗಿದ ಹಾಗಿರುತ್ತೆ,” ಎಂದು ಅವರ ಹೆಂಡತಿ ತಂಗಿಗೆ ಫೋನಿನಲ್ಲಿ ಹೇಳಿದ್ದುಂಟು.

ಇದೇ ಹುಚ್ಚು ಹಿಡಿದವರು ಆ ಊರಿನಲ್ಲಿ ಇನ್ನೂ ಕೆಲವರಿದ್ದರು. ಎಲ್ಲರೂ ಸೇರಿ ‘ಕ್ಷೌರ ರಸಿಕರ ಸಂಘ’ ಮಾಡಿಕೊಂಡಿದ್ದರು. ಅದನ್ನು ಹುಟ್ಟುಹಾಕಿದವರು ಲೆಕ್ಕದ ಮೇಷ್ಟ್ರು. ನೊರೆರಾಯರಿಗೆ ಹದಿನೇಳು ತುಂಬುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಪ್ಪನ ತುಕ್ಕು ಹಿಡಿದ ಬ್ಲೇಡಿನಿಂದ ಮೊದಲ ಸಲ ಕೆರೆದುಕೊಂಡು, ಗಾಯಗಳಿಗೆ ಪೇಪರ್ ಚೂರು ಅಂಟಿಸಿಕೊಂಡು ಕ್ಲಾಸಿಗೆ ಹೋದಾಗ ಇಡೀ ಕ್ಲಾಸು ನಕ್ಕಿತ್ತು. ನಗದಿದ್ದವರು ಮೇಷ್ಟ್ರು ಒಬ್ಬರೇ. ಸಂಜೆ ಮನೆಗೆ ಕರೆಸಿ, ಕನ್ನಡಿ ಮುಂದೆ ಕೂರಿಸಿ, “ಕೆನ್ನೆ ಅಂದ್ರೆ ಹೊಲ ಅಲ್ಲ ಕಣೋ, ಉಳೋಕೆ. ಕತ್ತಿ ತನ್ನ ಭಾರಕ್ಕೆ ತಾನೇ ಇಳೀಬೇಕು,” ಎಂದು ಕೈ ಹಿಡಿದು ಕಲಿಸಿದ್ದರು. ದಂತದ ಹಿಡಿಯ ಆ ಕತ್ತಿಯನ್ನು ನೊರೆರಾಯರು ಅವತ್ತಿನಿಂದ ಮರೆತಿರಲಿಲ್ಲ.

ಮೇಷ್ಟ್ರು ಹೋಗಿ ಆರು ತಿಂಗಳಾಗಿತ್ತು. ಹೋಗುವ ಮುಂಚೆ ಮೂರು ಸಾಲಿನ ಉಯಿಲು ಬರೆದಿಟ್ಟಿದ್ದರು. ಅದನ್ನು ಚೌಕಟ್ಟು ಹಾಕಿಸಿ ಸಂಘದ ಗೋಡೆಗೆ ತೂಗುಹಾಕಿದ್ದರು: ‘ನನ್ನ ಕತ್ತಿ ಅತಿ ನುಣುಪಾದ ಕೆನ್ನೆಯನ್ನು ಮಾಡಿದ ಕೈಗೆ ಸೇರತಕ್ಕದ್ದು. ಅದನ್ನು ಗಾಜಿನ ಕಪಾಟಿನಲ್ಲಿ ಇಡಕೂಡದು. ದಿನವೂ ಅದಕ್ಕೆ ಕೆಲಸ ಕೊಡತಕ್ಕದ್ದು.’

ಅದಕ್ಕೇ ಸ್ಪರ್ಧೆ. ಸಂಘದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕಾನೂನು ಅಂದರೆ ಕಾನೂನು. ಸ್ಪರ್ಧೆಗೆ ನಿಂತವರು ನೊರೆರಾಯರು, ಒಬ್ಬ ಹಲ್ಲಿನ ಡಾಕ್ಟರು, ಅತ್ತರಿನ ಅಂಗಡಿಯವರು. ಮೂವರೂ ಭಾನುವಾರ ಸಂಜೆ ಅವರ ಕಣ್ಣೆದುರಿಗೆ ಕ್ಷೌರ ಮಾಡಿಕೊಂಡು ರುಜು ಹಾಕಬೇಕು. ಅಲ್ಲಿಂದ ಗುರುವಾರ ಸಂಜೆ ಆರರವರೆಗೆ ಮುಖಕ್ಕೆ ಯಾವ ಬ್ಲೇಡೂ ತಾಗಕೂಡದು. ನಾಲ್ಕು ದಿನದ ಬೆಳೆ ಇಲ್ಲದೆ ಕತ್ತಿಯ ಯೋಗ್ಯತೆ ಗೊತ್ತಾಗುವುದಿಲ್ಲ ಎಂಬುದು ರಸಿಕರ ನಂಬಿಕೆ. ಆಮೇಲೆ ಮೂವರೂ ಒಟ್ಟಿಗೆ ಕ್ಷೌರ ಮಾಡಿಕೊಳ್ಳಬೇಕು, ಅಧ್ಯಕ್ಷರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಿಯ ಎಳೆಯಿಂದ ಕೆನ್ನೆ ಸವರಿ ನೋಡಬೇಕು. ಎಳೆ ಸಿಕ್ಕಿಕೊಂಡರೆ ಸೋಲು.

ಹೀಗೆ ಗುರುವಾರ ಬೆಳಗಾಯಿತು.

“ಕನ್ನಡಿ ನಿಮ್ಮನ್ನ ನೋಡಿ ಹೆದರ್ಕೊಂಡಿದೆ,” ಎಂದರು ಹೆಂಡತಿ, ಬುತ್ತಿ ಕಟ್ಟುತ್ತ. “ಇವತ್ತೊಂದು ದಿನ ತಾನೇ?”

“ಇವತ್ತೊಂದೇ ದಿನ ಕಣೆ. ಮೇಷ್ಟ್ರ ಕತ್ತಿ ಬಂದ್ರೆ ಉಳಿದ ಹನ್ನೊಂದನ್ನೂ ಯಾರಿಗಾದ್ರೂ ಕೊಟ್ಬಿಡ್ತೀನಿ.”

“ಬರೆದುಕೊಡಿ,” ಎಂದರು ಆಕೆ.

ಮೆಟ್ಟಿಲ ಬುಡದಲ್ಲಿ ಮಹಡಿ ಮನೆಯ ಅಜ್ಜಿ ಕಾದಿದ್ದರು. ನಾಲ್ಕು ದಿನದಿಂದ ಬಚ್ಚಲುಮನೆಯ ಕಿಟಕಿಯಿಂದ ಯಾವ ವಾಸನೆಯೂ ಬಾರದೆ ಅವರಿಗೆ ನಿದ್ದೆ ಹತ್ತಿರಲಿಲ್ಲ.

“ಏನಪ್ಪಾ ನೊರೆರಾಯ, ಮೈಗೆ ಹುಷಾರಿಲ್ವಾ? ಮನಸ್ಸಿಗೆ ಹುಷಾರಿಲ್ವಾ? ಹೆಂಡ್ತಿ ಏನಾದ್ರೂ ಅಂದ್ಳಾ?”

“ಏನೂ ಇಲ್ಲ ಅಜ್ಜಿ. ಸಂಜೆಗೆ ತೆಗೀತೀನಿ.”

“ಅಯ್ಯೋ, ಬಾಯಿಬಿಟ್ಟು ಹೇಳೋ ಹಾಗಿಲ್ಲ ಪಾಪ,” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನೊರೆರಾಯರು ಗೇಟು ದಾಟುವುದರೊಳಗೆ ಎದುರು ಮನೆಗೆ ಸುದ್ದಿ ಮುಟ್ಟಿತ್ತು, ತಿರುವು ದಾಟುವುದರೊಳಗೆ ಅವರ ಕೆಲಸ ಹೋಗಿತ್ತು, ಬಸ್ಸು ಹತ್ತುವಾಗ ದರ್ಜಿ ಓಡಿಬಂದು, “ಧೈರ್ಯ ಬಿಡಬೇಡಿ ಅಣ್ಣಾ, ಮೊಣಕೈ ಹರಿದ ಅಂಗಿ ಇದ್ರೆ ಕೊಡಿ, ಸುಮ್ನೆ ಹೊಲಿದುಕೊಡ್ತೀನಿ,” ಎಂದ.

ಕಚೇರಿಯಲ್ಲಿ ಬೇರೆಯೇ ಬಿಸಿ. ಮಧ್ಯಾಹ್ನ ಮೂರಕ್ಕೆ ಡೈರೆಕ್ಟರು ತಪಾಸಣೆಗೆ ಬರುವವರಿದ್ದರು. ಸಾಹೇಬರು ಬೆಳಿಗ್ಗೆ ಏಳಕ್ಕೇ ಬಂದು ಫ್ಯಾನುಗಳ ಧೂಳು ತೆಗೆಸಿ, ಹರಿದ ಕ್ಯಾಲೆಂಡರ್ ಇಳಿಸಿ, ಟೈಪಿಸ್ಟಮ್ಮನ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂವನ್ನೂ ತೊಳೆಸಿದ್ದರು. ಅಷ್ಟೆಲ್ಲ ಮಾಡಿ ತಲೆಯೆತ್ತಿದರೆ ಎದುರಿಗೆ ನೊರೆರಾಯರ ಮುಖ.

“ಏನ್ರೀ ಇದು? ಇಡೀ ಆಫೀಸಿಗೆ ಕನ್ನಡಿ ಹಿಡಿದಂಗಿರ್ತಿತ್ತು ನಿಮ್ಮ ಮುಖ. ಇವತ್ತೇ ಆಗ್ಬೇಕಿತ್ತಾ?”

“ಸಾರ್, ಸಂಜೆ ಆರು ಗಂಟೆ ತನಕ ಮಾತ್ರ. ಆಮೇಲೆ ತೆಗೆದುಬಿಡ್ತೀನಿ.”

“ಆರಕ್ಕೆ ತೆಗೆಯೋದನ್ನ ಹನ್ನೊಂದಕ್ಕೆ ತೆಗೆದ್ರೆ ಯಾರಪ್ಪನ ಗಂಟು ಹೋಗುತ್ತೆ?”

“ಮೇಷ್ಟ್ರ ಗಂಟು ಸಾರ್,” ಎಂದರು ನೊರೆರಾಯರು. ಸಾಹೇಬರಿಗೆ ಅದು ತಲೆಬುಡ ತಿಳಿಯಲಿಲ್ಲ.

“ಅಲ್ಲಾ ಸಾರ್, ನಮ್ಮ ಜವಾನ ಕಂಪೌಂಡರ್‌ಗೆ ಎದೆ ಮಟ್ಟ ಗಡ್ಡ ಇದೆಯಲ್ಲ?”

“ಅದು ಬಾಚಿದ ಗಡ್ಡ. ನಿಮ್ಮದು ಸೋಮಾರಿತನ. ಒಂದೋ ಅದನ್ನ ತೆಗೀರಿ, ಇಲ್ಲಾ ದಾಖಲೆ ಕೋಣೆಗೆ ಹೋಗಿ ಕೂತ್ಕೊಳ್ಳಿ. ಡೈರೆಕ್ಟ್ರು ಹೋಗೋ ತನಕ ಹೊರಗೆ ಮುಖ ತೋರಿಸ್ಕೂಡದು.”

ನೊರೆರಾಯರಿಗೆ ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆಯಿತು. ಹಳೆಯ ನಕ್ಷೆಗಳ ಸುರುಳಿ ತುಂಬಿದ ಆ ಕೋಣೆ ತಂಪಾಗಿತ್ತು, ಕತ್ತಲಾಗಿತ್ತು. ಒಂದೂವರೆಗೆ ಊಟ ಮುಗಿಸಿ ಎರಡು ಸುರುಳಿಗಳನ್ನು ತಲೆದಿಂಬು ಮಾಡಿಕೊಂಡು, ಎಡಗೆನ್ನೆ ಕೆಳಗೆ ಮಾಡಿ ಮೇಜಿನ ಮೇಲೆ ಒರಗಿದರು. ಬೆಳಗಿನ ಜಾವದಲ್ಲೇ ಎದ್ದು ಕತ್ತಿ ಮಸೆದಿದ್ದರು, ನಿದ್ದೆ ಕಾದು ಕೂತಿತ್ತು. ಮೇಷ್ಟ್ರ ಕತ್ತಿ ಕನಸಿನಲ್ಲಿ ಬಂದು, ‘ಬಾರೋ’ ಎಂದಿತು.

ಅತ್ತ ಸಾಹೇಬರಿಗೆ ಎರಡು ಗಂಟೆಗೆ ಒಂದು ವಿಷಯ ನೆನಪಾಯಿತು. ಡೈರೆಕ್ಟರು ಎಲ್ಲಿ ಹೋದರೂ ತಪಾಸಣೆ ಶುರು ಮಾಡುವುದೇ ದಾಖಲೆ ಕೋಣೆಯಿಂದ! ತಕ್ಷಣ ಕಂಪೌಂಡರನ್ನು ಕೂಗಿದರು.

ಕಂಪೌಂಡರ್ ಕಚೇರಿಯ ಜವಾನ. ನಿವೃತ್ತಿಗೆ ಇನ್ನು ಹತ್ತು ತಿಂಗಳಿತ್ತು. ಇಲ್ಲಿಗೆ ಬರುವ ಮುಂಚೆ ಹದಿನೈದು ವರ್ಷ ಆಸ್ಪತ್ರೆಯಲ್ಲಿದ್ದ, ಆ ಹೆಸರು ಅಂಟಿದ್ದೂ ಅಲ್ಲಿಂದಲೇ; ಆಪರೇಷನ್ ಮಾಡುವ ಜಾಗದ ಕೂದಲು ತೆಗೆಯುವುದೇ ಅವನ ಕೆಲಸವಾಗಿತ್ತು. ನೋವಿನಲ್ಲಿ ಒದ್ದಾಡುವವರಿಗೂ ಮಾಡಿದ್ದ, ಮತ್ತಿನಲ್ಲಿ ಮಲಗಿದವರಿಗೂ ಮಾಡಿದ್ದ. ಬೇರೆಯವರದ್ದನ್ನು ತೆಗೆದು ತೆಗೆದು ಬೇಸರ ಬಂದು ತನ್ನದನ್ನು ಮಾತ್ರ ಬೆಳೆಯಲು ಬಿಟ್ಟುಬಿಟ್ಟಿದ್ದ. ಸಾಹೇಬರು ಹೇಳಿದ್ದು ಒಂದೇ ಮಾತು: “ಅವರ ಗಡ್ಡ ಮೂರು ಗಂಟೆ ಒಳಗೆ ಹೋಗ್ಬೇಕು. ಹೇಗೋ ನಂಗೊತ್ತಿಲ್ಲ.”

ಕಂಪೌಂಡರ್ ಮೂಲೆ ಅಂಗಡಿಯಿಂದ ಬಳಸಿ ಬಿಸಾಡುವ ಹಳದಿ ಪ್ಲಾಸ್ಟಿಕ್ ರೇಜರ್ ತಂದ. ಕೈತೊಳೆಯುವ ತೊಟ್ಟಿಯ ಮೇಲಿದ್ದ ದ್ರವದ ಸೋಪಿನ ಬಾಟಲಿ ಎತ್ತಿಕೊಂಡ, ಕುಡಿಯುವ ನೀರಿನ ಲೋಟ ಹಿಡಿದುಕೊಂಡ, ಮೇಜು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ದಾಖಲೆ ಕೋಣೆಗೆ ಹೋದ.

ನೊರೆರಾಯರಿಗೆ ಎಚ್ಚರವಾದದ್ದು ಮೂಗಿನಿಂದ. ಏನೋ ವಾಸನೆ. ನಿಂಬೆಯದಲ್ಲ; ನಿಂಬೆಹಣ್ಣಿನ ಚಿತ್ರವನ್ನು ಮಾತ್ರ ನೋಡಿದ ಯಾರೋ ಮಾಡಿದ ವಾಸನೆ. ಆಮೇಲೆ ಬಲಗೆನ್ನೆಗೆ ತಣ್ಣಗೆ ಗಾಳಿ ತಾಗಿತು. ನಾಲ್ಕು ದಿನದಿಂದ ಆ ಕೆನ್ನೆಗೆ ಗಾಳಿ ತಾಗಿರಲಿಲ್ಲ.

“ಆಯ್ತು ಸಾರ್ ಈ ಕಡೆ,” ಎಂದ ಕಂಪೌಂಡರ್ ಮೆಲ್ಲಗೆ. “ಇನ್ನೊಂದು ಮಗ್ಗುಲಿಗೆ ಹೊರಳಿ. ಎರಡೇ ನಿಮಿಷ, ಮತ್ತೆ ಮಲಗಿಬಿಡಿ.”

ನೊರೆರಾಯರು ಕೆನ್ನೆ ಮುಟ್ಟಿಕೊಂಡರು. ಅವರು ಹಾಕಿದ ಕೂಗಿಗೆ ನಕ್ಷೆಯ ಸುರುಳಿಗಳು ಅಟ್ಟದಿಂದ ಉರುಳಿದವು, ಟೈಪಿಸ್ಟಮ್ಮ ಓಡಿಬಂದರು, ಹಿಂದೆಯೇ ಸಾಹೇಬರೂ ಬಂದರು.

“ಏನ್ ಮಾಡಿದೆಯಯ್ಯಾ! ಮನೆಹಾಳು ಕೆಲಸ ಮಾಡಿಟ್ಟೆಯಲ್ಲಯ್ಯಾ!”

“ರಕ್ತ ಬಂತಾ ಸಾರ್?” ಎಂದ ಕಂಪೌಂಡರ್ ಗಾಬರಿಯಾಗಿ.

“ಬಂದಿದ್ರೆ ಎಚ್ಚರ ಆದ್ರೂ ಆಗ್ತಿತ್ತಲ್ಲೋ!”

“ಕೂಗಾಡಬೇಡ್ರೀ,” ಎಂದರು ಸಾಹೇಬರು. “ಚೆನ್ನಾಗೇ ಆಗಿದೆ. ಆ ಕಡೆದೂ ಮುಗಿಸಿಕೊಳ್ಳಿ, ಅರ್ಧ ಹುಣ್ಣಿಮೆ ಅರ್ಧ ಅಮಾವಾಸ್ಯೆ ಆಗಿದೀರಿ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಡೈರೆಕ್ಟರ ಕಾರು ಕೆಟ್ಟಿದೆಯಂತೆ. ತಪಾಸಣೆ ನಾಳೆ ಬೆಳಿಗ್ಗೆ ಹತ್ತಕ್ಕಂತೆ. ಸಾಹೇಬರು ಹಣೆ ಒತ್ತಿಕೊಂಡು, “ಕಂಪೌಂಡರ್, ನಾಳೆ ಹತ್ತರೊಳಗೆ ಆ ಎಡಗಡೆದು ಇರ್ಕೂಡದು. ಎಲ್ಲಿದ್ರೂ ಹುಡುಕಿ ಮುಗಿಸು,” ಎಂದು ಹೇಳಿ ತಲೆನೋವಿನ ಮಾತ್ರೆ ತೆಗೆದುಕೊಳ್ಳಲು ಹೋದರು.

ನೊರೆರಾಯರು ನೆಲದ ಮೇಲೇ ಕುಳಿತರು. ಬ್ಲೇಡು ತಾಗಿದ ಕೆನ್ನೆ ಹೊತ್ತುಕೊಂಡು ಸಂಘಕ್ಕೆ ಹೋದರೆ ಬಾಗಿಲಲ್ಲೇ ಹೊರಗೆ ಹಾಕುತ್ತಾರೆ. ಕತ್ತಿ ಹಲ್ಲಿನ ಡಾಕ್ಟರಿಗೆ ಹೋಗುತ್ತದೆ, ಇಲ್ಲವೇ ಅತ್ತರಿನ ಅಂಗಡಿಯವರಿಗೆ. ಇಬ್ಬರಿಗೂ ಮೇಷ್ಟ್ರು ಗೊತ್ತು. ಆದರೆ ಇಬ್ಬರಿಗೂ ಮೇಷ್ಟ್ರು ಕೈ ಹಿಡಿದು ಕಲಿಸಿರಲಿಲ್ಲ. ನಿಜವಾಗಿಯೂ ಅವರ ಕಣ್ಣಲ್ಲಿ ನೀರು ಬಂತು. ಆ ನೀರಿನ ಮೂಲಕವೇ ಅವರಿಗೆ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ಒಂದು ಹಳೆಯ ನಕ್ಷೆ ಕಂಡಿತು. ಅದು ನದಿಯ ದಂಡೆಯ ನಕ್ಷೆ, ಅವರೇ ಬರೆದದ್ದು. ನಕ್ಷೆಯಲ್ಲಿ ಮರಳನ್ನು ತೋರಿಸುವುದು ಹೇಗೆ? ಚುಕ್ಕಿಗಳಿಂದ. ಒತ್ತಾಗಿ, ಒಂದರಂತೆ ಒಂದಿಲ್ಲದ ಹಾಗೆ, ಸಾವಿರಾರು ಚುಕ್ಕಿ. ಇಡೀ ಇಲಾಖೆಯಲ್ಲಿ ನೊರೆರಾಯರಷ್ಟು ಚೆನ್ನಾಗಿ ಮರಳು ಬರೆಯುವವರು ಇನ್ನೊಬ್ಬರಿರಲಿಲ್ಲ.

ಮೂರೂಕಾಲಿಗೆ ಅವರು ಕೈತೊಳೆಯುವ ಜಾಗದ ಕನ್ನಡಿ ಮುಂದೆ ನಿಂತಿದ್ದರು. ಕೈಯಲ್ಲಿ ಅತಿ ಸಣ್ಣ ಮೊನೆಯ ನಕ್ಷೆ ಪೆನ್ನು. ಸಾಧಾರಣ ಶಾಯಿ ಬಸ್ಸಿನ ಸೆಕೆಗೆ ಇಳಿದೀತು ಎಂದು ಯೋಚಿಸಿ ಶಾಶ್ವತ ದಾಖಲೆಗೆ ಬಳಸುವ ಕಪ್ಪು ಶಾಯಿಯನ್ನೇ ತುಂಬಿಕೊಂಡಿದ್ದರು. ಆ ಶಾಯಿ ನೀರಿಗೆ ಜಗ್ಗದು, ಬೆವರಿಗೆ ಬಗ್ಗದು, ನೂರು ವರ್ಷ ಅಳಿಯದು ಎಂದು ಬಾಟಲಿಯ ಮೇಲೆಯೇ ಬರೆದಿತ್ತು. ನೊರೆರಾಯರು ಉಸಿರು ಬಿಗಿಹಿಡಿದು ಕಿವಿಯ ಬುಡದಿಂದ ಶುರು ಮಾಡಿದರು. ಚುಕ್, ಚುಕ್, ಚುಕ್.

ಟೈಪಿಸ್ಟಮ್ಮ ಲೋಟ ತೊಳೆಯಲು ಬಂದವರು ನಿಂತೇಬಿಟ್ಟರು. ಸಾಲು ತಪ್ಪಿದ್ದನ್ನು ಕಂಡರೆ ಅವರಿಗೆ ಸಹಿಸುವುದಿಲ್ಲ.

“ದವಡೆ ಹತ್ರ ಕಮ್ಮಿ ಆಯ್ತು ಸಾರ್.”

“ಅಲ್ಲಿಗೇ ಬರ್ತಿದೀನಮ್ಮ.”

“ಎಡಗಡೆ ನೋಡಿಕೊಂಡು ಮಾಡಿ. ಅಲ್ಲಿ ನರೆ ಇದೆ. ಈ ಕಡೆ ಎಲ್ಲಾ ಕಪ್ಪು ಮಾಡಿದ್ರೆ ಒಂದು ಕೆನ್ನೆಗೆ ಐವತ್ತೆರಡು, ಇನ್ನೊಂದಕ್ಕೆ ಮೂವತ್ತು ಆಗುತ್ತೆ.”

ಮಾತು ಸರಿ ಎನಿಸಿತು. ಟೈಪಿಸ್ಟಮ್ಮ ಓಡಿಹೋಗಿ ತಪ್ಪು ಅಳಿಸುವ ವೈಟ್ನರ್ ತಂದು, ನಾಲಿಗೆ ಕಚ್ಚಿಕೊಂಡು, ತಾವೇ ಅಲ್ಲಲ್ಲಿ ಹದಿನಾರು ನರೆಗೂದಲು ಇಟ್ಟುಕೊಟ್ಟರು. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, “ಅಸಲಿದಕ್ಕಿಂತ ಇದೇ ಚೆನ್ನಾಗಿದೆ,” ಎಂದರು.

ನಿಜಕ್ಕೂ ಚೆನ್ನಾಗಿತ್ತು. ಬಸ್ಸಿನಲ್ಲಿ ನೊರೆರಾಯರು ಬೆವತು ನೀರಾದರೂ ಒಂದು ಚುಕ್ಕಿ ಅಲುಗಲಿಲ್ಲ. ಶಾಯಿಯ ಬಗ್ಗೆ ಅವರಿಗೆ ಹೆಮ್ಮೆಯೇ ಆಯಿತು. ಪಾಪ, ಗಡ್ಡ ಇಟ್ಟುಕೊಂಡು ಒಳಗೆ ಹೋಗುವುದು ಹೇಗೆ ಎಂದು ಯೋಚಿಸಿದ್ದರೇ ಹೊರತು, ಗಡ್ಡ ಇಲ್ಲದೆ ಹೊರಗೆ ಬರುವುದು ಹೇಗೆ ಎಂದು ಯೋಚಿಸಿರಲಿಲ್ಲ.

ಸಂಘ ಸೇರುತ್ತಿದ್ದುದು ಅತ್ತರಿನ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೂರು ಕನ್ನಡಿ, ಮೂರು ಕುರ್ಚಿ, ಬಿಸಿನೀರಿನ ಮೂರು ತಂಬಿಗೆ. ಮಧ್ಯದ ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ, ಅದರ ಮೇಲೆ ಮೇಷ್ಟ್ರ ಕತ್ತಿ. ಅಧ್ಯಕ್ಷರು ಒಬ್ಬೊಬ್ಬರ ಮುಖಕ್ಕೂ ಟಾರ್ಚು ಬಿಟ್ಟು ಪರೀಕ್ಷಿಸುತ್ತಿದ್ದರು. ಈ ಹಂತದಲ್ಲಿ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕೈಗೆ ಪೂರ್ವಗ್ರಹ ಹತ್ತುತ್ತದೆ ಎಂಬುದು ಅವರದೇ ಕಾನೂನು.

“ಸಮನಾದ ಬೆಳೆ,” ಎಂದರು ನೊರೆರಾಯರನ್ನು ನೋಡಿ. “ನರೆ ಕೂಡ ಎರಡೂ ಕಡೆ ಸಮ. ಶಿಸ್ತು ಅಂದ್ರೆ ಇದು.”

“ಬಲಗಡೆ ಸ್ವಲ್ಪ ಜಾಸ್ತಿ ಕಪ್ಪಿಲ್ವಾ?” ಎಂದರು ಹಲ್ಲಿನ ಡಾಕ್ಟರು, ಕಣ್ಣು ಕಿರಿದು ಮಾಡಿ.

“ಬಸ್ಸಲ್ಲಿ ಆ ಕಡೆ ಬಿಸಿಲು ಡಾಕ್ಟ್ರೇ,” ಎಂದರು ನೊರೆರಾಯರು.

ಗಂಟೆ ಆರು ಬಾರಿಸಿತು. ನೊರೆರಾಯರು ಐದು ವರ್ಷ ಒಣಗಿಸಿದ ಸೋಪು ತೆಗೆದು ನೊರೆ ಕಡೆದರು. ಎಡಗೆನ್ನೆಗೆ ಮೇಷ್ಟ್ರು ಹೇಳಿಕೊಟ್ಟ ಹಾಗೆ ಮೂರು ಸುತ್ತು, ಒಂದೊಂದು ಎಳೆತಕ್ಕೂ ಉಸಿರು ಹಿಡಿದು, ಜೀವಮಾನದ ವಿದ್ಯೆಯನ್ನೆಲ್ಲ ಸುರಿದರು. ಬಲಗೆನ್ನೆಯ ಮೇಲೆ ನೊರೆ ಬಳಿದು ಕತ್ತಿಯನ್ನು ಸುಮ್ಮನೆ ಶಾಸ್ತ್ರಕ್ಕೆ ಓಡಿಸಿದರು. ನೊರೆ ತೊಳೆದು ಕನ್ನಡಿ ನೋಡಿಕೊಂಡರು. ಎಡಗೆನ್ನೆ ಹೊಳೆಯುತ್ತಿತ್ತು. ಬಲಗೆನ್ನೆಯಲ್ಲಿ ಗಡ್ಡ ಹಾಗೇ ಇತ್ತು.

ಹಾಗೇ ಅಂದರೆ ಪೂರ್ತಿ ಹಾಗೇ ಅಲ್ಲ. ನೊರೆಗೆ ವೈಟ್ನರ್ ಎದ್ದುಹೋಗಿತ್ತು. ಗಡ್ಡ ಉಳಿದು ನರೆ ಮಾತ್ರ ಹೋಗಿತ್ತು. ನೊರೆರಾಯರು ಬಟ್ಟೆಯಿಂದ ಉಜ್ಜಿದರು, ಪಟಿಕದ ಕಲ್ಲಿನಿಂದ ತಿಕ್ಕಿದರು, ಉಗುರಿನಿಂದ ಕೆರೆದರು. ನೂರು ವರ್ಷದ ಶಾಯಿಗೆ ಇನ್ನೂ ನಾಲ್ಕು ಗಂಟೆ ತುಂಬಿರಲಿಲ್ಲ. ಅದು ಯಾಕೆ ಹೋದೀತು? ಉಳಿದಿಬ್ಬರು ಮುಖದ ಮೇಲೆ ಬಿಸಿ ಬಟ್ಟೆ ಹಾಕಿಕೊಂಡು ಒರಗಿದ್ದರು. ಅಧ್ಯಕ್ಷರು ಆಗಲೇ ಕಣ್ಣಿಗೆ ಕರಿಬಟ್ಟೆ ಕಟ್ಟಿಕೊಂಡಿದ್ದರು. ಕಾಣುವವರು ಯಾರೂ ಇರಲಿಲ್ಲ. ಮೇಷ್ಟ್ರೇ, ಕ್ಷಮಿಸಿ, ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೊರೆರಾಯರು ಸುಮ್ಮನೆ ಕುಳಿತರು.

ಅಧ್ಯಕ್ಷರ ಹತ್ತಿಯ ಎಳೆ ಮೊದಲು ಡಾಕ್ಟರ ಮುಖ ಸವರಿತು. “ಗಲ್ಲದ ಕೆಳಗೆ ಎಳೆ ಸಿಕ್ಕಿತು.” ಅತ್ತರಿನವರ ಮುಖ. “ಮೀಸೆ ಪಕ್ಕ ಮುಳ್ಳು.” ಆಮೇಲೆ ನೊರೆರಾಯರ ಎಡಗೆನ್ನೆ. “ಪರವಾಗಿಲ್ಲ. ದವಡೆ ಮೂಲೆಯಲ್ಲಿ ಮೂರು ಕೂದಲು ಉಳಿದಿವೆ.” ನೊರೆರಾಯರ ಮನಸ್ಸಿಗೆ ಆ ಮೂರೂ ಚುಚ್ಚಿದವು.

ಕೊನೆಗೆ ಬಲಗೆನ್ನೆ. ಹತ್ತಿಯ ಎಳೆ ಕಿವಿಯಿಂದ ಗಲ್ಲದವರೆಗೆ ಜಾರಿತು, ಗಲ್ಲದಿಂದ ಕಿವಿಗೆ ಜಾರಿತು, ಎಲ್ಲೂ ನಿಲ್ಲಲಾರದೆ ನೆಲಕ್ಕೆ ಬಿತ್ತು. ಅಧ್ಯಕ್ಷರು ಎಳೆ ಬಿಟ್ಟು ಅಂಗೈಯಿಂದಲೇ ಸವರಿದರು.

“ಮೂವತ್ತು ವರ್ಷದಿಂದ ಕೆನ್ನೆ ನೋಡ್ತಿದೀನಿ,” ಎಂದರು. “ಇಂಥದ್ದು ಮುಟ್ಟಿರ್ಲಿಲ್ಲ. ಮೇಷ್ಟ್ರ ಕೆನ್ನೆ ಕೂಡ ಇಷ್ಟು ನುಣುಪು ಇರ್ಲಿಲ್ಲ. ಯಾರಪ್ಪಾ ಈ ಮಹಾನುಭಾವ?”

ಹಾಗೆನ್ನುತ್ತ ಕಣ್ಣಿನ ಬಟ್ಟೆ ಬಿಚ್ಚಿದರು. ಎದುರಿಗೆ ದಟ್ಟ ಕಪ್ಪು ಗಡ್ಡ.

ಅಧ್ಯಕ್ಷರು ಬಟ್ಟೆ ಮತ್ತೆ ಕಟ್ಟಿಕೊಂಡು ಮುಟ್ಟಿದರು. ಇಲ್ಲ. ಬಿಚ್ಚಿ ನೋಡಿದರು. ಇದೆ. ಕಟ್ಟಿಕೊಂಡರು, ಇಲ್ಲ. ಬಿಚ್ಚಿದರು, ಇದೆ. ನಲವತ್ತು ವರ್ಷ ಸಾಕ್ಷಿಗಳ ಸುಳ್ಳು ಕೇಳಿದ ಮನುಷ್ಯ. ಆದರೆ ಸ್ವಂತ ಕೈಯೇ ಒಂದು ಹೇಳಿ ಸ್ವಂತ ಕಣ್ಣೇ ಇನ್ನೊಂದು ಹೇಳಿದ್ದು ಇದೇ ಮೊದಲು. ಕುರ್ಚಿ ಹಿಡಿದುಕೊಂಡು, “ನೀರು ಕೊಡಿ,” ಎಂದರು.

ಹಲ್ಲಿನ ಡಾಕ್ಟರು ಮುಖದ ಬಟ್ಟೆ ಕಿತ್ತೆಸೆದು ಬಂದು ಜೇಬಿನಲ್ಲಿದ್ದ ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು. “ಇದು ಕೂದಲಲ್ಲ. ಮರಳು!” ಎಂದು ಕಿರುಚಿದರು. “ನನ್ನ ನಿವೇಶನದ ನಕ್ಷೆಯಲ್ಲಿ ಇದೇ ಚುಕ್ಕಿ ನೋಡಿದೀನಿ!”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನೊರೆರಾಯರು ಎದ್ದು ನಿಂತು, ಡೈರೆಕ್ಟರಿಂದ ಹಿಡಿದು ವೈಟ್ನರ್‌ವರೆಗೆ ಎಲ್ಲವನ್ನೂ ಒಪ್ಪಿಸಿದರು. “ತಪ್ಪಾಯ್ತು. ಆದ್ರೆ ಆ ಕತ್ತಿ ಹಿಡಿದುಕೊಂಡೇ ಮೇಷ್ಟ್ರು ನನ್ನ ಕೈ ಹಿಡಿದಿದ್ರು. ಅದು ಇನ್ನೊಬ್ಬರ ಮನೆಗೆ ಹೋಗೋದನ್ನ ನೋಡೋಕೆ ಆಗ್ಲಿಲ್ಲ,” ಎಂದರು. ಅತ್ತರಿನವರು ಕಣ್ಣೊರೆಸಿಕೊಂಡರು. ಡಾಕ್ಟರು ಕೂಡ ತಲೆ ತಗ್ಗಿಸಿದರು.

ಅಧ್ಯಕ್ಷರು ಮಾತ್ರ ಗೋಡೆಯ ಮೇಲಿನ ಉಯಿಲನ್ನು ನೋಡುತ್ತ ನಿಂತಿದ್ದರು.

“ಮೇಷ್ಟ್ರು ಲೆಕ್ಕದವರು. ಒಂದು ಪದ ಹೆಚ್ಚಿಗೆ ಬರೆಯೋರಲ್ಲ,” ಎಂದರು ನಿಧಾನವಾಗಿ. “‘ಅತಿ ನುಣುಪಾದ ಕೆನ್ನೆಯನ್ನು ಮಾಡಿದ ಕೈಗೆ’ ಅಂತಿದೆ. ಕೆನ್ನೆ ಯಾರದ್ದು ಅಂತ ಇಲ್ಲ. ಸಂಘದ ಸದಸ್ಯ ಆಗಿರ್ಬೇಕು ಅಂತಾನೂ ಇಲ್ಲ. ಆ ಕೈ ಎಲ್ಲಿದೆ?”

ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಗಿಲಲ್ಲಿ ಎದೆ ಮಟ್ಟದ ಗಡ್ಡ ಕಾಣಿಸಿತು. ಕಂಕುಳಲ್ಲಿ ಕೈತೊಳೆಯುವ ಸೋಪಿನ ಬಾಟಲಿ, ಅಂಗಿ ಜೇಬಿನಲ್ಲಿ ಹಳದಿ ಪ್ಲಾಸ್ಟಿಕ್ ರೇಜರ್.

“ಕ್ಷಮಿಸಿ ಸಾರ್. ಮನೆಗೆ ಹೋಗಿದ್ದೆ, ಅಮ್ಮಾವ್ರು ಇಲ್ಲಿಗೆ ಕಳಿಸಿದ್ರು. ಸಾಹೇಬ್ರು ಎಡಗಡೆದು ಮುಗಿಸು ಅಂದಿದ್ರಲ್ಲ...” ಎನ್ನುತ್ತ ಕಂಪೌಂಡರ್ ಒಳಗೆ ಬಂದು ನೊರೆರಾಯರ ಬಲಗೆನ್ನೆ ನೋಡಿ ಬೆಚ್ಚಿದ. “ಇದೇನು ಸಾರ್, ನಾಲ್ಕೈದು ಗಂಟೆಯಲ್ಲಿ ಇಷ್ಟು ಬೆಳೀತಾ?”

ಬಾಯಿಮಾತಿನ ಸಾಕ್ಷಿ ಸಾಲದು ಎಂದು ಅಧ್ಯಕ್ಷರು ತಾವೇ ಕುರ್ಚಿಯಲ್ಲಿ ಕುಳಿತು ಮುಖ ಒಡ್ಡಿದರು. ಕಂಪೌಂಡರ್ ಅಂಗೈಗೆ ಎರಡು ತೊಟ್ಟು ಸೋಪು ಹಾಕಿಕೊಂಡ. ರಸಿಕರು ಮೂವರೂ ಮೂಗು ಮುಚ್ಚಿಕೊಂಡರು. ನೊರೆ ಕಡೆಯಲಿಲ್ಲ, ದಿಕ್ಕು ನೋಡಲಿಲ್ಲ. ಈಚೆಗೆ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂದು ಮಾತಾಡುತ್ತಲೇ ಹಳದಿ ರೇಜರ್ ಓಡಿಸಿದ. ಮುಗಿಯುವಷ್ಟರಲ್ಲಿ ಅಧ್ಯಕ್ಷರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹತ್ತಿಯ ಎಳೆ ಕೊಟ್ಟರು. ಅದು ಅವರ ಕೆನ್ನೆಯಿಂದ ಜಾರಿ ಕಾಲ ಬಳಿ ಬಿತ್ತು.

“ತೀರ್ಪು ಆಯ್ತು,” ಎಂದರು ಅಧ್ಯಕ್ಷರು.

ಮಖಮಲ್ಲಿನ ಬಟ್ಟೆಯ ಸಮೇತ ಕತ್ತಿಯನ್ನು ಕಂಪೌಂಡರನ ಕೈಗಿಟ್ಟರು. ಅವನು ಅದನ್ನು ಬಿಚ್ಚಿ, ದೀಪಕ್ಕೆ ಹಿಡಿದು, ಹೆಬ್ಬೆರಳಿನಿಂದ ಅಂಚು ನೋಡಿದ. “ನಂಗೆ ಗಡ್ಡ ಇದೆಯಲ್ಲ ಸಾರ್. ಇದನ್ನ ಏನ್ ಮಾಡ್ಲಿ?”

“ಅದು ನಿನಗೆ ಬಿಟ್ಟದ್ದು. ಆದ್ರೆ ದಿನಾ ಇದಕ್ಕೆ ಕೆಲಸ ಕೊಡ್ಬೇಕು. ಮಾರೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ,” ಎಂದರು ಅಧ್ಯಕ್ಷರು. ‘ಯಾರಿಗೂ’ ಎನ್ನುವಾಗ ನೊರೆರಾಯರ ಕಡೆ ನೋಡಿದರು.

ಮರುದಿನ ಹತ್ತಕ್ಕೆ ಡೈರೆಕ್ಟರು ಬಂದೇ ಬಂದರು. ದಾಖಲೆ ಕೋಣೆಯ ಬಾಗಿಲು ತೆಗೆದರೆ ಒಂದು ಕಡೆ ನುಣ್ಣನೆಯ, ಇನ್ನೊಂದು ಕಡೆ ಗಡ್ಡದ ನೊರೆರಾಯರು ಅಡಗಿ ಕುಳಿತಿದ್ದರು. ಸಾಹೇಬರು ಕಂಪೌಂಡರನತ್ತ ಹಲ್ಲು ಕಡಿದು, “ಮುಗಿಸು ಅಂದಿದ್ದೆನಲ್ಲೋ!” ಎಂದರು.

“ಮುಗಿಸಿದೀನಿ ಸಾರ್. ಬೇಕಾದ್ರೆ ಮುಟ್ಟಿ ನೋಡಿ,” ಎಂದ ಕಂಪೌಂಡರ್.

ಡೈರೆಕ್ಟರು ಮುಟ್ಟಿ ನೋಡಿದರು. ಆಮೇಲೆ ತಪಾಸಣೆ ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಗಾಳಿಯಲ್ಲಿ ಕುಳಿತರು.

ಮಧ್ಯಾಹ್ನ ಒಂದೂವರೆಗೆ ನೊರೆರಾಯರು ನಿನ್ನೆಯಂತೆ ನಿದ್ದೆಗೆಂದು ದಾಖಲೆ ಕೋಣೆಗೆ ಹೋದರೆ ಕಾಲಿಡಲು ಜಾಗವಿರಲಿಲ್ಲ. ಅವರು ನಿನ್ನೆ ಒರಗಿದ್ದ ಮೇಜಿನ ಮೇಲೆ ಹಲ್ಲಿನ ಡಾಕ್ಟರು ಮಲಗಿದ್ದರು. ಕೈತೊಳೆಯುವ ಸೋಪಿನ ವಾಸನೆ ಘಮ್ಮೆನ್ನುತ್ತಿತ್ತು. ಅತ್ತರಿನವರು ತಮ್ಮ ಸರದಿಗಾಗಿ ಕಾಯುತ್ತ ಬಾಟಲಿಯ ಹಿಂದಿನ ಚೀಟಿಯನ್ನು ಭಕ್ತಿಯಿಂದ ಓದುತ್ತಿದ್ದರು.

ಮೂರು ಗಂಟೆಗೆ ಟಪಾಲು ಬಂತು. ಕಂಪೌಂಡರ್ ಲಕೋಟೆಗಳ ಕಟ್ಟನ್ನು ತಂದು ನೊರೆರಾಯರ ಮೇಜಿನ ತುದಿಗೆ ಇಟ್ಟು, ಸೊಂಟದಿಂದ ದಂತದ ಹಿಡಿಯ ಕತ್ತಿ ತೆಗೆದ. “ದಿನಾ ಕೆಲಸ ಕೊಡ್ಬೇಕಂತಲ್ಲ ಸಾರ್. ಯೋಚನೆ ಮಾಡಿದೆ, ಟಪಾಲು ಒಡೆಯೋಕೆ ಇದೇ ಸರಿ,” ಎಂದ. ಎಲ್ಲಕ್ಕಿಂತ ಮೇಲಿದ್ದ ಲಕೋಟೆ ನೊರೆರಾಯರ ಹೆಸರಿಗೇ ಬಂದಿತ್ತು. ಕಳಿಸಿದವರು ಕ್ಷೌರ ರಸಿಕರ ಸಂಘದವರು. ವಿಷಯ: ಸುಳ್ಳು ಗಡ್ಡ ಧರಿಸಿದ್ದಕ್ಕಾಗಿ ಒಂದು ವರ್ಷ ಸದಸ್ಯತ್ವ ಅಮಾನತು.

ಮೇಷ್ಟ್ರ ಕತ್ತಿ ಲಕೋಟೆಯ ಅಂಚಿನ ಮೇಲೆ ತನ್ನ ಭಾರಕ್ಕೆ ತಾನೇ ಇಳಿಯಿತು. ಕಾಗದ ಹರಿದ ಸದ್ದು ಕೂಡ ಕೇಳಿಸಲಿಲ್ಲ.